ವೇಸ್ಟ್ ಶೀಟಿನಲ್ಲಿ ದಿನಕ್ಕೊಂದು ಕೊಲಾಜ್

ಪ್ರೆಸ್‌ನಲ್ಲಿ ಕೆಲಸ ಮಾಡುವವರಿಗೆ ವೇಸ್ಟ್ ಶೀಟ್ ಗೊತ್ತೇ ಇರುತ್ತದೆ. ರಿಜಿಸ್ಟರ್ ಕೂರುವ ತನಕ, ಅಂದರೆ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಬೀಳುವ ತನಕ, ಮಷಿನ್‌ಮನ್ ಅದೇ ಹಳೇ ಹಾಳೆಗಳನ್ನು ಮತ್ತೆ ಮತ್ತೆ ಓಡಿಸುತ್ತಾರೆ. ಮದುವೆ ಪತ್ರಿಕೆಯ ಗಣಪತಿ ಮೇಲೆ ಟ್ರಾಕ್ಟರ್ ಜಾಹೀರಾತು, ಅದರ ಮೇಲೆ ಗೈಡಿನ ಲೆಕ್ಕ. ಊಟ ಆದ ಮೇಲೆ ನಾನು ಅದರಲ್ಲೊಂದನ್ನು ಎತ್ತಿಕೊಂಡು ಪೋಸ್ಟ್‌ಕಾರ್ಡ್ ಅಳತೆಯ ಕೊಲಾಜ್ ಮಾಡುತ್ತೇನೆ, ಅಂದರೆ ತುಂಡು ಕತ್ತರಿಸಿ ಅಂಟಿಸಿದ ಚಿತ್ರ. ದಿನಾ ಒಂದು. ಲಂಚ್ ಮುಗಿಯುವುದರೊಳಗೆ ಅಂಟಿಸಿರಬೇಕು, ಅಷ್ಟೇ ನಿಯಮ.

ಜರ್ಮನಿಯ ಹ್ಯಾನೋವರ್‌ನಲ್ಲಿ ಕಲಾವಿದ ಕುರ್ಟ್ ಶ್ವಿಟರ್ಸ್ 1920ರ ದಶಕದಲ್ಲೇ ಪ್ರೆಸ್‌ನ ಹಾಳಾದ ಮುದ್ರಣಗಳನ್ನು ತಂದು, ಬೇಕಾದ ಭಾಗ ಕತ್ತರಿಸಿ ಕಲಾಕೃತಿ ಮಾಡಿದ್ದರು. ಟ್ರಾಮ್ ಟಿಕೆಟ್ಟನ್ನೂ ಬಿಡುತ್ತಿರಲಿಲ್ಲ. ಹೊಟ್ಟೆಪಾಡಿಗೆ ಜಾಹೀರಾತು, ಅಕ್ಷರ ವಿನ್ಯಾಸದ ಕೆಲಸವನ್ನೂ ಮಾಡುತ್ತಿದ್ದವರು ಅವರು. ಅದು ಗೊತ್ತಾದಾಗ ನನಗೆ ತುಂಬಾ ಖುಷಿಯಾಗಿತ್ತು.

ಒಂದು ಶಾಲೆಯ ಸ್ಮರಣ ಸಂಚಿಕೆಯ ಕೆಲಸ ಬಂತು. ನನ್ನ ಗೋಡೆಯ ಕಾರ್ಡುಗಳನ್ನು ನೋಡಿದ ಮೇಡಂ, ಕವರ್ ಹೀಗೇ ಇರಲಿ ಅಂದರು. ಮಾಲೀಕರು ಸಂಜೆ ಐದಕ್ಕೆ ಬಂದು, ನಾಳೆ ಹತ್ತಕ್ಕೆ ಪಾರ್ಟಿ ಬರ್ತಾರೆ, ಒರಿಜಿನಲ್ ರೆಡಿ ಇರಲಿ ಅಂದರು. ಎ3 ಅಳತೆ. ದಿನಾ ಮಾಡುವುದೇ ಅಲ್ವಾ, ದೊಡ್ಡದಾಗಿ ಮಾಡಿದರಾಯಿತು ಅಂದುಕೊಂಡೆ. ಮಕ್ಕಳ ಹಳೇ ಗ್ರೂಪ್ ಫೋಟೋಗಳ ಪ್ರಿಂಟು, ವೇಸ್ಟ್ ಶೀಟಿನ ನೀಲಿ ಆಕಾಶ, ಕೆಳಗೆ ತೆಳು ಬೋರ್ಡು. ಫೆವಿಕಾಲ್‌ಗೆ ನೀರು ಬೆರೆಸಿ ಬ್ರಶ್‌ನಲ್ಲಿ ಹಚ್ಚಿದೆ. ರಾತ್ರಿ ನೋಡಿದಾಗ ಚಪ್ಪಟೆಯಾಗೇ ಇತ್ತು.

ಬೆಳಿಗ್ಗೆ ಒಂಬತ್ತೂವರೆಗೆ ಬಂದರೆ ಬೋರ್ಡು ದೋಣಿಯಂತೆ ಎರಡೂ ಕಡೆ ಮೇಲೆದ್ದಿತ್ತು. ಕೈಯಿಂದ ಒತ್ತಿದರೆ ಪಟ್ಟನೆ ವಾಪಸ್. ಆಕಾಶದ ನಡುವೆ ಒಂದು ಗುಳ್ಳೆ. ಸ್ಕ್ಯಾನರ್ ಮುಚ್ಚಳ ಕೂರಲಿಲ್ಲ. ಬೈಂಡಿಂಗ್‌ನ ಅಣ್ಣ ಬಂದು ತಿರುಗಿಸಿ ನೋಡಿದರು. “ಗ್ರೈನ್ ನೋಡಿದ್ಯೇನಮ್ಮಾ? ಹಿಂದೆ ಯಾಕೆ ಹಾಳೆ ಹಾಕಿಲ್ಲ?” ಅಂತ ಕೇಳಿ (ಗ್ರೈನ್ ಅಂದರೆ ಕಾಗದದ ನಾರು ಓಡುವ ದಿಕ್ಕು), ಉತ್ತರಕ್ಕೆ ಕಾಯದೆ ಹಿಂಬದಿಗೆ ಸ್ಪಂಜು ಒತ್ತಿದರು. ಮೈದಾ ಅಂಟಿನಲ್ಲಿ ಇನ್ನೊಂದು ಹಾಳೆ ಮೆತ್ತಿ ಪ್ರೆಸ್ಸಿಂಗ್‌ಗೆ ಇಟ್ಟರು. ಹೊರಗೆ ಮೇಡಂ ಕಾಫಿ ಕುಡಿಯುತ್ತಿದ್ದರು. ಮಾಲೀಕರು ಎರಡು ಸಲ ಬಾಗಿಲಲ್ಲಿ ಇಣುಕಿದರು. ಹತ್ತು ನಿಮಿಷಕ್ಕೆ ಕಾಗದ ಒಣಗುತ್ತದೆಯೇ? ಹಸಿಯಾಗಿದ್ದಾಗಲೇ ತೆಗೆದು ಸ್ಕ್ಯಾನ್ ಮಾಡಿದೆವು. ಮೇಡಂ ಸ್ಕ್ರೀನ್ ನೋಡಿ ಮೊದಲು ಕೇಳಿದ್ದೇ, “ಈ ಮಕ್ಕಳ ಮುಖದ ಮೇಲೆ ನೆರಳು ಯಾಕಿದೆ?” ಮಾಲೀಕರು ಅಲ್ಲೇ ಒಂದು ಸ್ಟಾಕ್ ಫೋಟೋ ತೋರಿಸಿದರು. ಕವರ್ ಅದರಲ್ಲೇ ಹೋಯಿತು. ಆ ಸಂಚಿಕೆ ಕಣ್ಣಿಗೆ ಬಿದ್ದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನೀರು ಕುಡಿದ ಕಾಗದ ಗ್ರೈನ್‌ಗೆ ಅಡ್ಡಲಾಗಿ ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ಬೋರ್ಡನ್ನು ಎಳೆಯುತ್ತದೆ. ಪೋಸ್ಟ್‌ಕಾರ್ಡಿನಲ್ಲಿ ಆ ಎಳೆತ ಕಾಣುವುದೇ ಇಲ್ಲ. ದಿನಾ ಮಾಡಿದ್ದರಿಂದ ಏನು ಬಿಡಬೇಕು, ಯಾವುದನ್ನು ಎಲ್ಲಿಡಬೇಕು ಅನ್ನುವುದು ಬೇಗ ಹೊಳೆಯುತ್ತಿತ್ತು. ಆದರೆ ಕಾಗದದ ಸ್ವಭಾವ ಆ ಚಿಕ್ಕ ಅಳತೆಯಲ್ಲಿ ನನಗೆ ಸಿಕ್ಕಿರಲಿಲ್ಲ. ಶಾಂತಿನಿಕೇತನದ ಕಲಾವಿದ ಬಿನೋದ್ ಬಿಹಾರಿ ಮುಖರ್ಜಿ ದೃಷ್ಟಿ ಹೋದ ಮೇಲೂ ಕಾಗದ ಕತ್ತರಿಸಿ ಕೊಲಾಜ್ ಮಾಡಿದರು. ಕಾಗದವನ್ನು ಬೆರಳಿನಿಂದ ತಿಳಿಯುವುದೂ ಈ ಕೆಲಸದ ಅರ್ಧ ಭಾಗ ಅಂತ ಈಗ ಅನಿಸುತ್ತದೆ.

ಈಗ ಯಾವ ಹಾಳೆ ಬಂದರೂ ಮೊದಲು ಮೂಲೆ ಹರಿದು ನೋಡುತ್ತೇನೆ. ನೇರ ಹರಿದರೆ ಗ್ರೈನ್ ಆ ಕಡೆ. ಹಿಂದೆ ಪೆನ್ಸಿಲ್‌ನಲ್ಲಿ ಬಾಣದ ಗುರುತು ಹಾಕುತ್ತೇನೆ. ಎಲ್ಲ ತುಂಡುಗಳ ಬಾಣವೂ ಒಂದೇ ದಿಕ್ಕಿಗೆ, ಎರಡೂ ಕಡೆಯ ಎಳೆತ ಸಮವಾಗಲಿ ಅಂತ ಬೋರ್ಡಿನ ಹಿಂದೆ ಅದೇ ದಿಕ್ಕಿನ ಇನ್ನೊಂದು ಹಾಳೆ. ಫೆವಿಕಾಲ್‌ಗೆ ನೀರು ಕಡಿಮೆ. ಬಟರ್ ಪೇಪರ್ ಮುಚ್ಚಿ ರಾತ್ರಿಯಿಡೀ ಭಾರದ ಕೆಳಗೆ. ಶನಿವಾರ ಕಾರ್ಡಿನ ಬದಲು ಎ3 ಮಾಡುತ್ತೇನೆ.

ಮಾಲೀಕರಿಗೆ ಹೇಳಬೇಕಾದದ್ದೂ ಇದೆ. ಕೈಯಲ್ಲಿ ಮಾಡುವ ಕೆಲಸವನ್ನು ಸಂಜೆ ಐದಕ್ಕೆ ಕೊಟ್ಟು ಬೆಳಿಗ್ಗೆ ಕೇಳಬೇಡಿ. ಕಾಗದ ಫೈಲ್ ಅಲ್ಲ, ಒಣಗಬೇಕು. ಹಾಗೇ, ವೇಸ್ಟ್ ಶೀಟನ್ನು ಸುಮ್ನೆ ಅವತ್ತಿನವತ್ತೇ ರದ್ದಿಯವರಿಗೆ ತೂಕಕ್ಕೆ ಹಾಕಿಬಿಡುತ್ತೀರಿ. ಮೇಲಿನ ಒಂದು ಕಟ್ಟನ್ನು ನಮ್ಮ ಊಟದ ಹೊತ್ತಿನವರೆಗಾದರೂ ಇಡಿಸಿ, ಸಾರ್.