ಮಂಗನ ಕಾಯಿಲೆ ಪ್ರೋಟೀನ್ ಪ್ರಾಜೆಕ್ಟ್: ಕತ್ತರಿಗೆ ಬೆಲ್ಟ್ ಸಿಕ್ತು

ಹೋದ ಸಲ ಎಲ್ಲಿಗೆ ನಿಲ್ಸಿದ್ದೆ ಅಂದ್ರೆ, ವೈರಸ್ಸಿನ ಪ್ರೋಟೀನಿನ ಇಡೀ ಸೀಕ್ವೆನ್ಸ್ (ಅಮೈನೋ ಆಸಿಡ್‌ಗಳ ಸಾಲು) ತಂದು ಹಂಗೇ ಕೊಲಾಬ್‌ಫೋಲ್ಡ್‌ಗೆ, ಅಂದ್ರೆ ಪ್ರೋಟೀನಿನ ಆಕಾರ ಊಹಿಸೋ ಪ್ರೋಗ್ರಾಮಿಗೆ, ಸುರಿದು ಮೆಮೊರಿ ತುಂಬಿ ನಿಂತ್ಹೋಗಿತ್ತು. ತಪ್ಪು ನಂದೇ. ಈ ವೈರಸ್ ತನ್ನ ಪ್ರೋಟೀನ್ ಎಲ್ಲಾ ಒಂದೇ ಉದ್ದ ಸರಪಳಿಯಾಗಿ ಮಾಡ್ಕೊಳುತ್ತೆ, 3,400ಕ್ಕೂ ಜಾಸ್ತಿ ಅಮೈನೋ ಆಸಿಡ್, ಆಮೇಲೆ ತುಂಡು ತುಂಡಾಗಬೇಕು, ಕೆಲವು ಕಡೆ ನಮ್ಮ ಜೀವಕೋಶದ ಎನ್‌ಜೈಮೇ ಕತ್ತರಿಸುತ್ತೆ, ಉಳಿದ ಕಡೆಗೆ ಅದರದ್ದೇ ಕತ್ತರಿ, ಎನ್‌ಎಸ್3 ಅಂತ. ನಮಗೆ ಬೇಕಿರೋದು ಆ ಕತ್ತರಿ ಮಾತ್ರ.

ನಮಗೆ ಅಂದ್ರೆ ನಾನು, ಮೈಸೂರಲ್ಲಿ ಎಂಎಸ್ಸಿ ಓದ್ತಿರೋ ಚಿಕ್ಕಪ್ಪನ ಮಗಳು, ಆಫೀಸಿನ ಒಬ್ಬ ಫ್ರೆಂಡು. ಹಿಂಗೆ ಊಹಿಸಿದ ಆಕಾರಗಳನ್ನ ಇಟ್ಟಿರೋ ಆಲ್ಫಾಫೋಲ್ಡ್ ಡೇಟಾಬೇಸಿಗೆ 2022ರಲ್ಲಿ 20 ಕೋಟಿ ಪ್ರೋಟೀನ್ ಬಂದಾಗ ಮೊದಲು ಹುಡುಕಿದ್ದೇ ಇದನ್ನ, ನೋಡಿದ್ರೆ ವೈರಸ್‌ಗಳನ್ನೇ ಬಿಟ್ಟಿದ್ರು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬಿದ್ದಾಗಿಂದ ಇರೋ ಕಾಯಿಲೆ, ನಮ್ಮಜ್ಜಿ ದರಗು ತರಕ್ಕೆ ಹೋಗೋ ಮುಂಚೆ ಉಣುಗು ಹತ್ತದಂಗೆ ಕಾಲಿಗೆ ಎಣ್ಣೆ ಬಳ್ಕೊಳೋದು ನೋಡ್ಕೊಂಡೇ ಬೆಳೆದೋನು ನಾನು, ಹಂಗಾಗಿ ಬಿಡಕ್ಕೆ ಮನಸಾಗ್ಲಿಲ್ಲ.

ಸರಿ, ಈ ತಿಂಗಳ ಕತೆ. ಯುನಿಪ್ರಾಟ್ ಅನ್ನೋ ಪ್ರೋಟೀನ್ ಸೀಕ್ವೆನ್ಸ್ ಡೇಟಾಬೇಸ್ ನೋಡಿ ಕತ್ತರಿ ಭಾಗ ಬೇರೆ ಮಾಡಿ ಓಡಿಸ್ದೆ. ನಡುಭಾಗ ನೀಲಿ ಬಂತು, ಅಂದ್ರೆ ಮಾಡೆಲಿಗೆ ಧೈರ್ಯ ಇದೆ, ಆದ್ರೆ ಅಂಚಿನ ಕುಣಿಕೆಗಳು ಕಿತ್ತಳೆ ಬಣ್ಣಕ್ಕೆ ತಿರುಗಿ ಎಲ್ಲೆಲ್ಲೋ ನೇತಾಡ್ತಿದ್ವು. ಎರಡು ವಾರ ಸೆಟ್ಟಿಂಗ್ಸ್ ತಿರುವಿದ್ದೇ ಬಂತು. ಕೊನೆಗೆ ತಂಗಿ ಬೈದ್ಲು, "ಅಣ್ಣ, ಎನ್‌ಎಸ್2ಬಿ ಎಲ್ಲಿ ಹಾಕಿದೀಯ?" ಈ ಕುಟುಂಬದ ವೈರಸ್‌ಗಳಲ್ಲಿ ಕತ್ತರಿ ಒಂಟಿಯಾಗಿ ಕೆಲಸ ಮಾಡಲ್ಲ, ಪಕ್ಕದ ಎನ್‌ಎಸ್2ಬಿ ಪ್ರೋಟೀನಿನ ಸುಮಾರು 40 ಅಮೈನೋ ಆಸಿಡ್ ಸೊಂಟಕ್ಕೆ ಬೆಲ್ಟ್ ಕಟ್ದಂಗೆ ಸುತ್ಕೊಂಡಿರಬೇಕಂತೆ. ಎರಡು ಸೀಕ್ವೆನ್ಸ್ ಮಧ್ಯ ಒಂದು ಕೋಲನ್ ಹಾಕಿ ಮತ್ತೆ ಓಡಿಸ್ದೆ, ಬೆಲ್ಟ್ ಬಂದು ಕೂತ್ಕೊಂತು, ಹಿಸ್ಟಿಡಿನ್, ಆಸ್ಪಾರ್ಟೇಟ್, ಸೆರಿನ್ ಮೂರೂ ಎದುರು ಬದುರು. ಕತ್ತರಿಸೋ ಬಾಯಿ ಅದೇ.

ಸರಪಳಿಯ ತಿರುವುಗಳ ಕೋನ ಸಾಧ್ಯವಾದ್ದೇನಾ ಅಂತ ತೋರಿಸೋ ರಾಮಚಂದ್ರನ್ ಪ್ಲಾಟಲ್ಲೂ ಚೆಕ್ ಮಾಡಿದ್ವಿ, ಎರಡೇ ಎರಡು ಚುಕ್ಕಿ ಹೊರಗೆ. (ಜಿ.ಎನ್. ರಾಮಚಂದ್ರನ್ ಮದ್ರಾಸಲ್ಲಿದ್ದಾಗ 1963ರಲ್ಲಿ ಮಾಡಿದ್ದು, ಆಮೇಲೆ ನಮ್ಮ ಬೆಂಗಳೂರು ಐಐಎಸ್‌ಸಿಗೆ ಬಂದ್ರು. ಇವತ್ತಿಗೂ ಅದಿಲ್ದೆ ಯಾರ ಮಾಡೆಲ್ಲೂ ಪಾಸಾಗಲ್ಲ.)

ಈಗ ಒಂದು ಡೌಟು. ಪ್ರಯೋಗದಿಂದ ಕಂಡುಹಿಡಿದ ಸ್ಟ್ರಕ್ಚರ್‌ಗಳ ಡೇಟಾಬೇಸ್ ಪಿಡಿಬಿಯಿಂದ ಇದೇ ಕುಟುಂಬದ ವೈರಸ್‌ಗಳ ಕತ್ತರಿಯ 2006ರ ಎರಡು ಸ್ಟ್ರಕ್ಚರ್ ಇಳಿಸ್ಕೊಂಡು ಪಕ್ಕದಲ್ಲಿಟ್ಟು ನೋಡಿದ್ವಿ. ಡೆಂಗಿದು 2ಎಫ್‌ಓಎಂ, ಅದರಲ್ಲಿ ಕತ್ತರಿನ ತಡೆಯೋ ಅಣು ಇಲ್ಲ, ಬೆಲ್ಟಿನ ತುದಿ ಬಾಯಿಂದ ದೂರ. ವೆಸ್ಟ್ ನೈಲ್‌ದು 2ಎಫ್‌ಪಿ7, ಅಣು ಕೂತಿದೆ, ಬೆಲ್ಟ್ ಬಾಯಿ ಸುತ್ತ ಬಿಗಿಯಾಗಿದೆ. ನಮ್ಮದರಲ್ಲಿ ಅಣುವೇ ಹಾಕಿಲ್ಲ, ಆದ್ರೂ ಬಿಗಿಯಾಗೇ ಬಂದಿದೆ! ಮಾಡೆಲ್ ಕಲಿತಿರೋ ಉದಾಹರಣೆಗಳಲ್ಲಿ ಬಿಗಿ ಇರೋವೇ ಜಾಸ್ತಿ ಇತ್ತೇನೋ ಅನ್ಸುತ್ತೆ, ತಂಗಿ ಒಪ್ತಿಲ್ಲ. ಸೀಡ್ (ಲೆಕ್ಕ ಶುರು ಮಾಡೋ ನಂಬರು) ಬದಲಾಯಿಸಿ ಇಪ್ಪತ್ತು ಸಲ ಓಡಿಸೋಣ ಅಂತ ತೀರ್ಮಾನ ಆಯ್ತು, ಇದನ್ನ ಟೈಪ್ ಮಾಡ್ತಿರೋವಾಗ ಏಳನೇದು ಓಡ್ತಿದೆ.