ಪೊರಕೆ, ಕಸಬರಿಗೆ, ಹಿಡಿಸೂಡಿ

ನೆಲ ಗುಡಿಸುವ ಸಾಮಾನಿಗೆ ಕನ್ನಡದಲ್ಲಿ ಸರಿಯಾದ ಹೆಸರು ಯಾವುದು ಅಂತ ಕೇಳಿದರೆ ಜಗಳ ಗ್ಯಾರಂಟಿ. ಮೈಸೂರು, ಮಂಡ್ಯ ಕಡೆಯವರು ಪೊರಕೆ ಅನ್ನುತ್ತಾರೆ, ಮಾತಿನ ಓಟದಲ್ಲಿ ಅದು ಪರಕೆ ಆಗುತ್ತದೆ. ಧಾರವಾಡದ ಕಡೆ ಹೋದರೆ ಕಸಬರಿಗೆ, ಬಾಯಲ್ಲಿ ಕಸಬರಗಿ. ಮಂಗಳೂರು, ಪುತ್ತೂರಿನವರಿಗೆ ಅದು ಹಿಡಿಸೂಡಿ. ಇದರಲ್ಲಿ ಒಂದು ಮಾತ್ರ ಶುದ್ಧ ಕನ್ನಡ, ಉಳಿದದ್ದೆಲ್ಲ ಹಳ್ಳಿ ಮಾತು ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೂರೂ ಕನ್ನಡವೇ. ಒಂದೊಂದು ಹೆಸರೂ ಆ ಸಾಮಾನನ್ನು ಒಂದೊಂದು ಕಡೆಯಿಂದ ನೋಡುತ್ತದೆ, ಅಷ್ಟೇ.

ಹಿಡಿಸೂಡಿಯನ್ನೇ ತೆಗೆದುಕೊಳ್ಳಿ. ಸೂಡಿ ಅಂದರೆ ಕಟ್ಟು. ಹುಲ್ಲಿನ ಸೂಡಿ ಅನ್ನುತ್ತೇವಲ್ಲ, ಅದೇ. ಕೈಯಲ್ಲಿ ಹಿಡಿಯುವ ಸೂಡಿ ಹಿಡಿಸೂಡಿ. ತೆಂಗು ಇರುವ ಊರಲ್ಲಿ ಇದನ್ನು ಮನೆಯಲ್ಲೇ ಮಾಡುವುದರಿಂದ ಹೆಸರಲ್ಲೇ ಅದನ್ನು ಮಾಡುವ ರೀತಿ ಇದೆ. ಬಿದ್ದ ಮಡಲಿನಿಂದ ಗರಿಗಳನ್ನು ಕಿತ್ತು, ಒಂದೊಂದು ಗರಿಯ ಎರಡೂ ಬದಿಯ ಎಲೆಯನ್ನು ಕತ್ತಿಯಿಂದ ಸರ್ರನೆ ಸೀಳಿ ತೆಗೆದರೆ ನಡುವಿನ ಕಡ್ಡಿ ಉಳಿಯುತ್ತದೆ. ಕಡ್ಡಿಗಳನ್ನು ಬಿಸಿಲಿಗೆ ಹಾಕಿ, ಬುಡ ಒಂದೇ ಸಮ ಬರುವ ಹಾಗೆ ಹೊಂದಿಸಿ, ಹಗ್ಗ ಸುತ್ತಿ ಬಿಗಿಯುತ್ತಾರೆ. ಎಷ್ಟೇ ಬಿಗಿದರೂ ಕಡ್ಡಿ ಒಣಗಿ ಸಣ್ಣದಾದ ಮೇಲೆ ಕಟ್ಟು ಸಡಿಲ ಆಗೇ ಆಗುತ್ತದೆ. ಆಗ ಬುಡವನ್ನು ಮೆಟ್ಟಿಲ ಕಲ್ಲಿಗೆ ಟಕ ಟಕ ಕುಟ್ಟಬೇಕು, ಮೇಲೆ ಬಂದ ಕಡ್ಡಿಗಳು ಒಳಗೆ ಸರಿದು ಸಮ ಆಗುತ್ತವೆ. ಅದಕ್ಕೂ ಬಗ್ಗದಿದ್ದರೆ ಬುಡದ ನಡುವೆ ಒಂದು ಸಣ್ಣ ಮರದ ಚೂರು ಹೊಡೆದರಾಯಿತು, ಕಟ್ಟು ತಾನಾಗಿ ಬಿಗಿಯಾಗುತ್ತದೆ.

ಕಸಬರಿಗೆ ಬೇರೆ ರೀತಿ. ಕಸ ಅನ್ನುವುದು ಹೆಸರಿನ ಮುಂದೆಯೇ ಕೂತಿದೆ, ಯಾವುದಕ್ಕೆ ಬೇಕು ಅಂತ ಕೇಳುವ ಹಾಗೇ ಇಲ್ಲ. ಪೊರಕೆ ಅನ್ನುವ ಹೆಸರು ಮಾತ್ರ ಸುಮ್ನೆ ಹೇಳಿದರೆ ಏನನ್ನೂ ಬಿಟ್ಟುಕೊಡುವುದಿಲ್ಲ. ಅದಕ್ಕೇ ಅದರ ಮುಂದೆ ಯಾವಾಗಲೂ ಇನ್ನೊಂದು ಪದ ಬೇಕು. ಅಂಗಳಕ್ಕೆ ಕಡ್ಡಿಪೊರಕೆ, ಒಳಗೆ ಹುಲ್ಲುಪೊರಕೆ, ತೆಂಗಿಗಿಂತ ಈಚಲು ಜಾಸ್ತಿ ಇರುವ ಕಡೆ ಈಚಲು ಪೊರಕೆ. "ಪೊರಕೆ ತಗೊಂಡು ಬಾ" ಅಂದಾಗ ತಪ್ಪು ಪೊರಕೆ ತಂದು ಬೈಸಿಕೊಳ್ಳದ ಮಕ್ಕಳು ಇದ್ದಾರಾ? ನೀರು ಹಾಕಿ ತೊಳೆಯುವ ಜಾಗಕ್ಕೆ ಕಡ್ಡಿಯದ್ದೇ ಬೇಕು. ಹುಲ್ಲಿನದ್ದನ್ನು ನೀರಿಗೆ ಹಾಕಿದರೆ ಮುದ್ದೆಯಾಗಿ, ಕೊಳೆತು, ವಾಸನೆ ಹಿಡಿಯುತ್ತದೆ. ಇನ್ನು ನುಣುಪು ಟೈಲ್ಸ್ ಮೇಲೆ ಕಡ್ಡಿಪೊರಕೆ ಆಡಿಸಿದರೆ ಸದ್ದು ಬರುತ್ತದೆ ಹೊರತು ಸಣ್ಣ ಧೂಳು ಜಾಗ ಬಿಟ್ಟು ಕದಲುವುದಿಲ್ಲ.

ಇವೆಲ್ಲದರ ಕೊನೆಯ ಅವತಾರ ಮೋಟು ಪೊರಕೆ. ಸವೆದು ಗೇಣುದ್ದ ಆದ ಮೇಲೂ ಅದನ್ನು ಎಸೆಯುವವರು ಕಡಿಮೆ. ಬಚ್ಚಲು ಉಜ್ಜಲು, ಮೋರಿ ಬಿಡಿಸಲು ಅದೇ ಗಟ್ಟಿ.

ಹೆಸರು ಮಾತ್ರ ಅಲ್ಲ, ಮಾಡುವ ಕೆಲಸದ ಹೆಸರೂ ಬದಲಾಗುತ್ತದೆ. ಕೆಲವರು ಕಸ ಗುಡಿಸುತ್ತಾರೆ, ಕೆಲವರು ಕಸ ಹೊಡೆಯುತ್ತಾರೆ, ದಕ್ಷಿಣ ಕನ್ನಡದ ಹವ್ಯಕರ ಮನೆಗಳಲ್ಲಿ ಉಡುಗುತ್ತಾರೆ. ಹೊಡೆಯುವುದು ಅಂದ ತಕ್ಷಣ ಜೋರಾಗಿ ಬೀಸಬೇಕು ಅಂತ ಅಲ್ಲ ಮತ್ತೆ. ಪೊರಕೆ ಎತ್ತಿ ಎತ್ತಿ ಹೊಡೆದರೆ ಧೂಳು ಗಾಳಿಗೆ ಎದ್ದು, ನೀವು ಮುಂದಿನ ಕೋಣೆಗೆ ಹೋಗುವಷ್ಟರಲ್ಲಿ ನಿಧಾನಕ್ಕೆ ಇಳಿದು ಅಲ್ಲೇ ಕೂರುತ್ತದೆ. ತುದಿ ನೆಲ ಬಿಡದ ಹಾಗೆ ಎಳೆಯಬೇಕು, ಗೋಡೆಯ ಮೂಲೆಯಿಂದ ಶುರು ಮಾಡಿ ನಡುವಿಗೆ ತರಬೇಕು. ಫ್ಯಾನ್ ಆರಿಸಿ ಅಂತ ಬೇರೆ ಹೇಳಬೇಕಾ?

ಈಗ ಬೈಗುಳಕ್ಕೆ ಬರೋಣ. "ಪೊರಕೆ ತಗೊಂಡು ಬಾರಿಸ್ತೀನಿ", "ಪೊರಕೆ ಸೇವೆ ಆಗಬೇಕು ಇವನಿಗೆ" ಅನ್ನುವುದನ್ನು ಯಾರು ಕೇಳಿಲ್ಲ? ಕೋಲಿನ ಏಟಿಗಿಂತ ಇದು ನೋವಾಗುವುದಿಲ್ಲ, ಮರ್ಯಾದೆ ಮಾತ್ರ ಪೂರ್ತಿ ಹೋಗುತ್ತದೆ. ಅದೇ ಪೊರಕೆ ಕಾಲಿಗೆ ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಗಳೂ ಇವೆ, ಅದು ಲಕ್ಷ್ಮಿ ಅಂತ. ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು ಅನ್ನುವುದೂ ಅದೇ ಲೆಕ್ಕದ್ದು. ಬೈಯುವಾಗ ಲಕ್ಷ್ಮಿ ನೆನಪಿಗೆ ಬರುವುದಿಲ್ಲ ಅನ್ನುವುದು ಬೇರೆ ವಿಷಯ. ನನಗೆ ಬೇಸರ ತರಿಸುವುದು ಇನ್ನೊಂದು ಮಾತು: "ಕಸಮುಸುರೆ ಮಾಡಿಕೊಂಡಿದ್ದಾಳೆ" ಅಂತ ಹಗುರವಾಗಿ ಅನ್ನುತ್ತಾರಲ್ಲ, ಅದು. ಬೆಳಿಗ್ಗೆ ಬೆನ್ನು ಬಗ್ಗಿಸಿ ನಾಲ್ಕು ಮನೆ ಗುಡಿಸಿ ಬರುವವರಿಗೆ ಗೊತ್ತು ಆ ಕೆಲಸದ ತೂಕ.

ದೆಹಲಿಯ ಆಮ್ ಆದ್ಮಿ ಪಕ್ಷ 2013ರ ಚುನಾವಣೆಗೆ ಇದೇ ಚಿಹ್ನೆ ಹಿಡಿದು ಹೊರಟಾಗ ನಮ್ಮ ಪತ್ರಿಕೆಗಳಲ್ಲಿ ಪೊರಕೆ ಎಂದೇ ಓದಿದ ನೆನಪು. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಶುರುವಾದ ಮೇಲಂತೂ ಪೊರಕೆ ಹಿಡಿದು ಫೋಟೋಗೆ ನಿಂತವರಿಗೆ ಲೆಕ್ಕವಿಲ್ಲ. ಅವರಲ್ಲಿ ಕೆಲವರು ಅದನ್ನು ಹಿಡಿದ ರೀತಿ ನೋಡಿದರೆ ಮನೆಯಲ್ಲಿ ಅದು ಎಲ್ಲಿರುತ್ತದೆ ಅನ್ನುವುದೂ ಗೊತ್ತಿಲ್ಲವೇನೋ ಅನ್ನಿಸುತ್ತಿತ್ತು.

ಹಾಂ, "ಹೊಸ ಪೊರಕೆ ಚೆನ್ನಾಗಿ ಗುಡಿಸುತ್ತದೆ" ಅಂತ ಒಂದು ಮಾತು ಈಚೆಗೆ ಕನ್ನಡದಲ್ಲೂ ಓಡಾಡುತ್ತಿದೆ. ಹೊಸ ಅಧಿಕಾರಿ ಬಂದ ಕೂಡಲೇ ಯಾರಾದರೂ ಬರೆದೇ ಬರೆಯುತ್ತಾರೆ. ಬರೆದವರು ಹೊಸ ಹುಲ್ಲುಪೊರಕೆಯಲ್ಲಿ ಒಂದು ಸಲವೂ ಗುಡಿಸಿಲ್ಲ ಅಂತ ಧೈರ್ಯವಾಗಿ ಹೇಳಬಲ್ಲೆ. ಆ ಹುಲ್ಲು ಮೇಘಾಲಯ ಮತ್ತು ಈಶಾನ್ಯದ ಬೆಟ್ಟಗಳಲ್ಲಿ ಹೆಚ್ಚಾಗಿ ಬೆಳೆಯುತ್ತದೆ. ನಾವು ನೆಲಕ್ಕೆ ತಾಗಿಸುವ ಮೆತ್ತನೆ ಭಾಗ ಎಲೆಯಲ್ಲ, ಅದರ ಹೂವಿನ ತೆನೆ. ಹಾಗಾಗಿ ಹೊಸದರಲ್ಲಿ ಹೂವಿನ ಹುಡಿ ಉದುರುತ್ತಲೇ ಇರುತ್ತದೆ. ಗುಡಿಸಿದಷ್ಟೂ ಹೊಸ ಕಸ. ಹೊರಗೆ ಗೋಡೆಗೆ ಬಡಿದು, ಹಳೆ ಬಾಚಣಿಗೆಯಿಂದ ಬಾಚಿ, ಹುಡಿ ಉದುರಿಸಿಯೇ ಒಳಗೆ ತರಬೇಕು. ಅಷ್ಟಾದರೂ ಮೊದಲ ಕೆಲವು ದಿನ ಮಂಚದ ಕೆಳಗೆ ಅದರದ್ದೇ ಹುಡಿ ಸಿಗುತ್ತದೆ. ಹೊಸಬರ ಹುಮ್ಮಸ್ಸಿನ ಬಗ್ಗೆ ಹೇಳಬೇಕಿದ್ದರೆ ನಮ್ಮಲ್ಲೇ ಒಳ್ಳೆ ಗಾದೆ ಇದೆಯಲ್ವಾ, ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅಂತ. ಪೊರಕೆಯನ್ನು ಯಾಕೆ ಸುಮ್ನೆ ಎಳೆದು ತರಬೇಕು?