ಅದು ಅವರಿಗೆ ಹೇಗೆ ಗೊತ್ತಾಯ್ತು?

ನಮ್ಮ ಫಿಸಿಕ್ಸ್ ಮೇಷ್ಟ್ರಿಗೆ ಒಂದು ಚಾಳಿ ಇತ್ತು. ಪುಸ್ತಕದಲ್ಲಿದ್ದ ಯಾವ ಸಾಲನ್ನು ಒಪ್ಪಿಸಿದರೂ "ಸರಿ ಮಾರಾಯ, ಅದು ಅವರಿಗೆ ಹೇಗೆ ಗೊತ್ತಾಯ್ತು?" ಅಂತ ಕೇಳುತ್ತಿದ್ದರು. ಬಿಎಸ್ಸಿಯಲ್ಲಿ ಪರಮಾಣುವಿನ ಪಾಠ ಶುರುವಾದ ಮೇಲಂತೂ ಈ ಕಾಟ ವಿಪರೀತವಾಯಿತು. ನಮಗೆ ಆ ಪಾಠ ಅಂದರೆ ನಾಲ್ಕು ಚಿತ್ರ, ನಾಲ್ಕು ಹೆಸರು, ಐದು ಅಂಕ. ಡಾಲ್ಟನ್, ಥಾಮ್ಸನ್, ರುದರ್‌ಫರ್ಡ್, ಬೋರ್. ಉರು ಹೊಡೆದರೆ ಮುಗಿಯಿತು, ಅಲ್ವಾ?

1897ರಲ್ಲಿ ಥಾಮ್ಸನ್ ಕೇಂಬ್ರಿಜ್‌ನಲ್ಲಿ ಎಲೆಕ್ಟ್ರಾನ್ ಕಂಡುಹಿಡಿದದ್ದು, ಪರಮಾಣು ಕಲ್ಲಂಗಡಿ ಹಣ್ಣಿನ ಹಾಗೆ, ಎಲೆಕ್ಟ್ರಾನು ಅದರ ಬೀಜ ಅನ್ನೋದು, ಇದನ್ನೆಲ್ಲ ಸರ್ ಒಂದೇ ಪೀರಿಯಡ್‌ನಲ್ಲಿ ಮುಗಿಸಿದರು. ಪಾಠ ಮ್ಯಾಂಚೆಸ್ಟರ್‌ಗೆ ಬಂತು ನೋಡಿ, ಸರ್ ಅಲ್ಲಿಂದ ಏಳಲೇ ಇಲ್ಲ. 1909ರಲ್ಲಿ ಅಲ್ಲಿನ ರುದರ್‌ಫರ್ಡ್ ಲ್ಯಾಬ್‌ನಲ್ಲಿ ಅರ್ನೆಸ್ಟ್ ಮಾರ್ಸ್‌ಡೆನ್ ಅಂತ ಒಬ್ಬ ಹುಡುಗನಿದ್ದ. ವಯಸ್ಸು 20, ಇನ್ನೂ ಡಿಗ್ರಿ ವಿದ್ಯಾರ್ಥಿ. "ನಿಮ್ಮದೇ ವಯಸ್ಸು" ಅಂತ ಸರ್ ಹಿಂದಿನ ಬೆಂಚಿನವರನ್ನು ನೋಡಿಕೊಂಡೇ ಹೇಳುತ್ತಿದ್ದರು. ಅವನಿಗೂ ಅದೇ ಲ್ಯಾಬ್‌ನ ಗೈಗರ್‌ಗೂ ಕೊಟ್ಟ ಕೆಲಸ ಇಷ್ಟು: ತೆಳ್ಳನೆಯ ಲೋಹದ ಹಾಳೆಗೆ ಆಲ್ಫಾ ಕಣಗಳನ್ನು, ಅಂದರೆ ವಿಕಿರಣ ವಸ್ತುವಿನಿಂದ ವೇಗವಾಗಿ ಹೊರಡುವ ಕಣಗಳನ್ನು, ಬಿಡೋದು, ಯಾವುದಾದರೂ ಹಿಂದಕ್ಕೆ ಬರುತ್ತದಾ ಅಂತ ನೋಡೋದು.

ನೋಡೋದು ಅಂದರೆ ಕಣ್ಣಿನಿಂದಲೇ. ಕಣ ಬಡಿದಾಗ ಜಿಂಕ್ ಸಲ್ಫೈಡ್ ಪರದೆಯ ಮೇಲೆ ಸಣ್ಣದೊಂದು ಮಿಣುಕು ಬರುತ್ತದೆ, ಅದನ್ನು ಮೈಕ್ರೋಸ್ಕೋಪ್‌ನಲ್ಲಿ ಎಣಿಸಬೇಕು. ಕಗ್ಗತ್ತಲ ಕೋಣೆ, ಮೊದಲು ಎಷ್ಟೋ ಹೊತ್ತು ಸುಮ್ನೆ ಕೂತು ಕಣ್ಣು ಕತ್ತಲಿಗೆ ಒಗ್ಗಬೇಕು, ಆಮೇಲೆ ರೆಪ್ಪೆ ಮಿಟುಕಿಸದೆ ಎಣಿಕೆ. ಚಿನ್ನದ ಹಾಳೆ ಅಂತ ನಾವು ಓದುತ್ತೇವೆ, ಆದರೆ ಅವರು ಸೀಸ, ಬೆಳ್ಳಿ, ತಾಮ್ರ, ಅಲ್ಯೂಮಿನಿಯಂ ಎಲ್ಲವನ್ನೂ ಇಟ್ಟು ನೋಡಿದ್ದರು. ಪ್ಲಾಟಿನಂನಿಂದ ಸುಮಾರು 8000ಕ್ಕೆ ಒಂದು ಕಣ ವಾಪಸ್ ಬಂತು. ಕಲ್ಲಂಗಡಿಯ ಲೆಕ್ಕದಲ್ಲಿ ಹಿಂದಕ್ಕೆ ತಳ್ಳುವಂಥ ಗಟ್ಟಿ ಜಾಗವೇ ಇಲ್ಲ, ಅದು ಬರುವಂತೆಯೇ ಇರಲಿಲ್ಲ. ಅದರ ಅರ್ಥ ಹೇಳುವುದಕ್ಕೆ ರುದರ್‌ಫರ್ಡ್‌ಗೇ ಎರಡು ವರ್ಷ ಬೇಕಾಯಿತು: 1911ರಲ್ಲಿ ನ್ಯೂಕ್ಲಿಯಸ್, ಪರಮಾಣುವಿನ ನಟ್ಟನಡುವಿನ ಪುಟ್ಟ ಭಾರದ ತಿರುಳು. ನಮ್ಮ ನೋಟ್ಸ್‌ನಲ್ಲಿ ಈ ಎರಡು ವರ್ಷ ಒಂದು ಅಲ್ಪವಿರಾಮದಲ್ಲಿ ಕಳೆದುಹೋಗಿತ್ತು.

ಆಮೇಲೆ ಮೊದಲ ಮಹಾಯುದ್ಧ ಬಂತು. ಇದು ಸಿಲಬಸ್‌ನಲ್ಲಿ ಇರಲಿಲ್ಲ, ಆದರೂ ಸರ್ ಹೇಳಿದರು. ಗೈಗರ್ ಜರ್ಮನಿಯ ಕಡೆ, ಮಾರ್ಸ್‌ಡೆನ್ ಬ್ರಿಟನ್ನಿನ ಕಡೆ. ಎಕ್ಸ್‌ ಕಿರಣಗಳಿಂದ ಪರಮಾಣು ಸಂಖ್ಯೆಗೆ ಅರ್ಥ ಕೊಟ್ಟ ಮೋಸ್ಲಿ 1915ರಲ್ಲಿ ಗಲಿಪೊಲಿಯಲ್ಲಿ ಗುಂಡು ತಗುಲಿ ಸತ್ತ, 27 ವರ್ಷಕ್ಕೆ. ರುದರ್‌ಫರ್ಡ್‌ನ ಇನ್ನೊಬ್ಬ ಶಿಷ್ಯ ಚಾಡ್ವಿಕ್ ಬರ್ಲಿನ್‌ನಲ್ಲಿ ಸಿಕ್ಕಿಹಾಕಿಕೊಂಡು ಯುದ್ಧ ಮುಗಿಯುವವರೆಗೂ ಕ್ಯಾಂಪಿನಲ್ಲಿ ಬಂಧಿಯಾಗಿದ್ದ. ಅಲ್ಲಿ ಥೋರಿಯಂ ಬೆರೆಸಿದ ಟೂತ್‌ಪೇಸ್ಟ್ ಸಿಗುತ್ತಿತ್ತು, ಪುಣ್ಯಾತ್ಮ ಅದನ್ನೇ ಇಟ್ಟುಕೊಂಡು ವಿಕಿರಣದ ಪ್ರಯೋಗ ಮಾಡಿದ! ಅದೇ ಚಾಡ್ವಿಕ್ 1932ರಲ್ಲಿ ನ್ಯೂಟ್ರಾನ್ ಹಿಡಿದ, ನ್ಯೂಕ್ಲಿಯಸ್‌ನೊಳಗಿನ ಚಾರ್ಜ್ ಇಲ್ಲದ ಕಣ. ಅದಕ್ಕೆ ಸ್ವಲ್ಪ ಮುಂಚೆ ಪ್ಯಾರಿಸ್‌ನಲ್ಲಿ ಜೋಲಿಯೋ-ಕ್ಯೂರಿ ದಂಪತಿ ಬೆರಿಲಿಯಂನಿಂದ ಹೊರಟ ಕಿರಣ ಮೇಣದಿಂದ ಪ್ರೋಟಾನ್‌ಗಳನ್ನು ಹೊರಗೆ ತಳ್ಳುವುದನ್ನು ಕಂಡಿದ್ದರು, ಆದರೆ ಅದನ್ನು ಗಾಮಾ ಕಿರಣ ಅಂದುಕೊಂಡರು. ಅಷ್ಟರಲ್ಲಿ ನ್ಯೂಟ್ರಾನ್ ಕೈತಪ್ಪಿಹೋಯಿತು.

ಬೋರ್ ಬಗ್ಗೆ ಕ್ಲಾಸಿನಲ್ಲಿ ಕೇಳಿದ್ದು ನನಗೆ ಅಷ್ಟಾಗಿ ತಲೆಗೆ ಹೋಗಲಿಲ್ಲ, ಲ್ಯಾಬ್‌ನಲ್ಲಿ ಹೋಯಿತು. ಕಿಟಕಿಗೆಲ್ಲ ಕಪ್ಪು ಬಟ್ಟೆ, ಹೈಡ್ರೋಜನ್ ಟ್ಯೂಬು, ಎದುರಿಗೆ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಮೀಟರ್. ಅದರ ದೂರದರ್ಶಕವನ್ನು ಮೆಲ್ಲಗೆ ತಿರುಗಿಸುತ್ತಿದ್ದರೆ ಕೆಂಪು ಗೆರೆ, ಆಮೇಲೆ ಹಸಿರು ಬೆರೆತ ನೀಲಿ, ಆಮೇಲೆ ನೇರಳೆ. ಆ ನೇರಳೆ ಇದೆಯೋ ಇಲ್ಲವೋ ಅಂತ ನಾನೂ ಪಾರ್ಟ್ನರೂ ಜಗಳವಾಡಿದ್ದೇವೆ. ಈ ಗೆರೆಗಳ ಲೆಕ್ಕಕ್ಕೆ 1885ರಲ್ಲಿ ಸೂತ್ರ ಕೊಟ್ಟದ್ದು ಬಾಲ್ಮರ್, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹುಡುಗಿಯರ ಶಾಲೆಯ ಗಣಿತದ ಮೇಷ್ಟ್ರು, ಆಗ ಅವರಿಗೆ 60. ಸೂತ್ರ ಯಾಕೆ ಸರಿ ಅಂತ ಅವರಿಗೆ ಗೊತ್ತಿರಲಿಲ್ಲ. ಅದು ಗೊತ್ತಾದದ್ದು 1913ರಲ್ಲಿ, ಎಲೆಕ್ಟ್ರಾನ್ ಒಂದು ಕಕ್ಷೆಯಿಂದ ಇನ್ನೊಂದಕ್ಕೆ ಜಿಗಿದರೆ ಬೆಳಕು ಬರುತ್ತದೆ ಅಂತ ಬೋರ್ ಹೇಳಿದ ಮೇಲೆ.

ಫೈನಲ್ ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಆ ಗೆರೆಗಳ ಲೆಕ್ಕದಲ್ಲಿ ಬರುವ ರಿಡ್‌ಬರ್ಗ್ ಸ್ಥಿರಾಂಕದ ಬೆಲೆ ಕೇಳಿದರು, ಪಟ್ಟನೆ ಹೇಳಿದೆ. ಅವರು ಮುಂದಿನ ಹುಡುಗನನ್ನು ಕರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ನಮ್ಮ ಸರ್ ಬಾಯಿ ತೆರೆದರು. ಏನು ಕೇಳುತ್ತಾರೆ ಅಂತ ನನಗೆ ಗೊತ್ತಿತ್ತು. ಅಷ್ಟರಲ್ಲಿ ಅಟೆಂಡರ್ ಟೀ ತಂದ, ನಾನು ಬಚಾವಾದೆ.